ಮುಟ್ಟದೆ ಕೊಡುವ ಹಣ

ನಮ್ಮೂರಿನ ದಿನಸಿ ಅಂಗಡಿಯಲ್ಲಿ ಚಿಲ್ಲರೆ ಕೊಡುವುದಕ್ಕೆ ಎರಡು ರೀತಿಗಳಿದ್ದವು. ಕೆಲವರ ಅಂಗೈಯಲ್ಲಿ ಅಂಗಡಿಯವರು ನಾಣ್ಯಗಳನ್ನು ಎಣಿಸಿ ಇಡುತ್ತಿದ್ದರು. ಇನ್ನು ಕೆಲವರು ಕೈ ಚಾಚಿದರೆ ಒಂದು ಗೇಣು ಮೇಲಿನಿಂದ ಬಿಡುತ್ತಿದ್ದರು. ಹಾಗೆ ಬಿಟ್ಟ ನಾಣ್ಯ ಒಮ್ಮೊಮ್ಮೆ ಬೆರಳ ಸಂದಿನಿಂದ ಜಾರಿ ಮಣ್ಣಿಗೆ ಬೀಳುತ್ತಿತ್ತು. ಅದನ್ನು ಬಗ್ಗಿ ಹೆಕ್ಕಿಕೊಳ್ಳುವುದು ಕೊಳ್ಳಲು ಬಂದವರ ಕೆಲಸ. ಯಾರಿಗೆ ಇಡಬೇಕು, ಯಾರಿಗೆ ಬಿಡಬೇಕು ಎಂದು ಅಂಗಡಿಯವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಯಾರೂ ಕೇಳಿದ್ದೂ ಇಲ್ಲ. ಪೆಪ್ಪರಮಿಂಟ್ ತರಲು ಹೋಗುತ್ತಿದ್ದ ನನಗೆ ಬಹಳ ಕಾಲ ಅದೊಂದು ಆಟವೆಂದೇ ಅನ್ನಿಸಿತ್ತು. ನನ್ನ ಕೈ ಎರಡೂ ರೀತಿಗಳನ್ನು ಕಂಡಿದೆ; ಯಾವ ಬೀದಿಯ ಅಂಗಡಿ ಎಂಬುದರ ಮೇಲೆ ಅದು ನಿರ್ಧಾರವಾಗುತ್ತಿತ್ತು.

ಮೊಬೈಲನ್ನು ಯಂತ್ರದ ಹತ್ತಿರ ಹಿಡಿದು ಹಣ ಕೊಡುವುದಕ್ಕೆ 'ಕಾಂಟ್ಯಾಕ್ಟ್‌ಲೆಸ್' ಎಂಬ ಹೆಸರನ್ನು ಮೊದಲು ಜಾಹೀರಾತಿನಲ್ಲಿ ಓದಿದಾಗ ನನಗೆ ನೆನಪಾದದ್ದು ಆ ಅಂಗಡಿ. ಮುಟ್ಟದೆ ಕೊಡುವುದು ನಮಗೇನು ಹೊಸದೇ? ಅದನ್ನು ಸೌಕರ್ಯವೆಂದು ಮಾರಬಹುದು ಎಂಬುದಷ್ಟೇ ಹೊಸದು. 2020ರಲ್ಲಿ ಕೊರೋನಾ ಬಂದಾಗ ನೋಟು ಮುಟ್ಟುವುದಕ್ಕೂ ಜನ ಹೆದರಿದರು. ಆಗ ಅದೇ ಸೌಕರ್ಯ ಸದ್ಗುಣವೂ ಆಯಿತು.

ಮೊದಲಿಗೆ ನನಗೆ ಖುಷಿಯೇ ಆಗಿತ್ತು ಎಂದು ಒಪ್ಪಿಕೊಳ್ಳಬೇಕು. ಅಂಗಡಿಯ ಗಾಜಿಗೆ ಅಂಟಿಸಿದ ಕ್ಯೂಆರ್ ಚೀಟಿಗೆ ಗೇಣಿನ ಲೆಕ್ಕ ಗೊತ್ತಿಲ್ಲ. ಅದು ಯಾರನ್ನೂ ಬಗ್ಗಿಸುವುದಿಲ್ಲ. ಆದರೆ ಯಾರೂ ಯಾರನ್ನೂ ಮುಟ್ಟಬೇಕಾಗಿಲ್ಲ ಎಂದಾದಾಗ ಅಸ್ಪೃಶ್ಯತೆ ಹೋಯಿತೋ, ಅದನ್ನು ಪರೀಕ್ಷಿಸುವ ಸಂದರ್ಭವಷ್ಟೇ ಹೋಯಿತೋ? ನಾಣ್ಯವನ್ನು ಮೇಲಿನಿಂದ ಬಿಡುತ್ತಿದ್ದ ಕೈ ಈಗ ಬಿಡುತ್ತಿಲ್ಲ ನಿಜ. ಅದು ಇಡಲು ಕಲಿಯಲೂ ಇಲ್ಲ.

2024ರ ಬೇಸಿಗೆಯಲ್ಲಿ ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅವಳು ತನ್ನ ಹಳೆಯ ಫೋನೊಂದಕ್ಕೆ ಬ್ಯಾಂಕಿನ ಕಾರ್ಡು ಸೇರಿಸಿ, "ಅಪ್ಪ, ಬಸ್ ಹತ್ತಿದ ಕೂಡಲೇ ಹಳದಿ ಯಂತ್ರದ ಮೇಲೆ ಇದನ್ನು ಹಿಡೀರಿ, ಅಷ್ಟೇ" ಎಂದಳು. ಹಿಡಿದೆ. 'ಬೀಪ್' ಎಂದಿತು. ಚಾಲಕ ತಲೆ ಕೂಡ ತಿರುಗಿಸಲಿಲ್ಲ. ಕಂಡಕ್ಟರ್ ಇಲ್ಲ, ಚಿಲ್ಲರೆಗೆ ಜಗಳವಿಲ್ಲ, ಟಿಕೆಟ್ಟಿನ ಹಿಂಬದಿಯಲ್ಲಿ ಬಾಕಿ ಬರೆದುಕೊಡುವುದೂ ಇಲ್ಲ. ಸುಮಾರು ನಾಲ್ಕು ಸೆಂಟಿಮೀಟರಿನೊಳಗೆ ಬಂದಾಗ ಫೋನೂ ಯಂತ್ರವೂ ರೇಡಿಯೋ ಅಲೆಯಲ್ಲಿ ಮಾತಾಡಿಕೊಳ್ಳುತ್ತವೆ ಎಂದು ಅಳಿಯ ವಿವರಿಸಿದ. ಕಾರ್ಡಿನ ನಿಜವಾದ ಸಂಖ್ಯೆಯನ್ನು ಫೋನು ಯಂತ್ರಕ್ಕೆ ಹೇಳುವುದಿಲ್ಲವಂತೆ. ಅದಕ್ಕೆ ಬದಲಾಗಿ ಬೇರೆಯೊಂದು ಸಂಖ್ಯೆ, ಜೊತೆಗೆ ಆ ಒಂದು ವ್ಯವಹಾರಕ್ಕೆ ಮಾತ್ರ ಸಲ್ಲುವ ಗುಟ್ಟಿನ ಸಂಕೇತ. ಬ್ಯಾಂಕಿಗೆ ಎಲ್ಲವೂ ಗೊತ್ತಿರುತ್ತದೆ. ರೊಟ್ಟಿ ಮಾರುವವನಿಗೆ ರೊಟ್ಟಿಯ ಹಣ ಬಂತು ಎಂಬುದಷ್ಟೇ ಗೊತ್ತಾಗುತ್ತದೆ. ಎರಡು ವಾರ ನಾನು ಆ ಊರಿನಲ್ಲಿ ಹೆಸರಿಲ್ಲದೆ ಓಡಾಡಿದೆ. ಹಿತವಾಗಿತ್ತು.

ಒಂದು ಸಂಜೆ ಆ ಹಳೆಯ ಫೋನಿನ ಬ್ಯಾಟರಿ ಮುಗಿಯಿತು. ಜೇಬಿನಲ್ಲಿ ಇಪ್ಪತ್ತು ಪೌಂಡಿನ ಗರಿಗರಿ ನೋಟಿತ್ತು. ಲಂಡನ್ನಿನ ಬಸ್ಸುಗಳು 2014ರ ಜುಲೈಯಿಂದಲೇ ನಗದು ತೆಗೆದುಕೊಳ್ಳುವುದನ್ನು ನಿಲ್ಲಿಸಿವೆ. ಆ ದೇಶದ ರಾಜನೋ ರಾಣಿಯೋ ನೋಟಿನ ಮೇಲಿದ್ದರೂ ಬಸ್ಸಿನ ಬಾಗಿಲಲ್ಲಿ ಅದಕ್ಕೆ ಬೆಲೆಯಿಲ್ಲ. ಮುಕ್ಕಾಲು ಗಂಟೆ ನಡೆದು ಮನೆ ಸೇರಿದೆ. ನನಗದು ಮನೆಯಲ್ಲಿ ಹೇಳಿ ನಗುವ ಕತೆಯಾಯಿತು. ಆದರೆ ಬ್ರಿಟನ್ನಿನಲ್ಲಿ 2019ರಲ್ಲಿ ಬಂದ ಒಂದು ವರದಿ, ನಗದೇ ಇಲ್ಲದ ಸಮಾಜದಲ್ಲಿ ಅಲ್ಲಿನ 80 ಲಕ್ಷಕ್ಕೂ ಹೆಚ್ಚು ವಯಸ್ಕರು ಬದುಕಲು ಕಷ್ಟಪಡುತ್ತಾರೆ ಎಂದಿತ್ತು. ಅವರಿಗೆ ಅದು ದಿನನಿತ್ಯದ ನಡಿಗೆ. ನಗದನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿದ್ದ ಸ್ವೀಡನ್ ಸರ್ಕಾರ, 2024ರ ನವೆಂಬರಿನಲ್ಲಿ ಮನೆಮನೆಗೆ ಹಂಚಿದ ಯುದ್ಧ ಮತ್ತು ವಿಪತ್ತಿನ ಕೈಪಿಡಿಯಲ್ಲಿ ಸ್ವಲ್ಪ ನಗದು ಇಟ್ಟುಕೊಳ್ಳಿ ಎಂದಿದೆ. ಚೀನಾದ ಕೇಂದ್ರ ಬ್ಯಾಂಕು 2018ರಲ್ಲೇ ನಗದು ನಿರಾಕರಿಸುವುದು ಕಾನೂನಿಗೆ ವಿರುದ್ಧವೆಂದು ವ್ಯಾಪಾರಿಗಳಿಗೆ ಹೇಳಬೇಕಾಯಿತು.

ಊರಿಗೆ ಮರಳಿದ ಮರುದಿನ ಬಸ್ ನಿಲ್ದಾಣದ ಬಳಿ ಬೊಂಡ ಕುಡಿದು, ಮೊಬೈಲು ತೆಗೆದು ಕ್ಯೂಆರ್ ಸ್ಕ್ಯಾನ್ ಮಾಡಿದೆ. ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಒಂದು ಹೆಸರು ಬಂತು. ಹಾಗೆಯೇ ಅವನ ಫೋನಿನಲ್ಲಿ ನನ್ನ ಹೆಸರು. ಇಪ್ಪತ್ತು ವರ್ಷದಿಂದ ಅವನ ಬಳಿ ಬೊಂಡ ಕುಡಿಯುತ್ತಿದ್ದರೂ ನನಗೆ ಅವನ ಹೆಸರು ಗೊತ್ತಿರಲಿಲ್ಲ. ಹೆಸರಿನ ಅಗತ್ಯ ನಮ್ಮಿಬ್ಬರಿಗೂ ಬಿದ್ದಿರಲಿಲ್ಲ.

ನಮ್ಮ ಯುಪಿಐ ಬೇರೆ ಜಾತಿಯದು. 2016ರ ಏಪ್ರಿಲಿನಲ್ಲಿ ಅದು ಶುರುವಾಯಿತು, ಅದೇ ನವೆಂಬರಿನ ನೋಟು ರದ್ದತಿ ಅದಕ್ಕೆ ಜನರನ್ನು ತಳ್ಳಿಕೊಟ್ಟಿತು. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಅದರ ಮೂಲಕ 2,000 ಕೋಟಿಗೂ ಹೆಚ್ಚು ವ್ಯವಹಾರಗಳಾದವು. ಬೀದಿಯ ಬಡವನ ಕೈಗೂ ಇಷ್ಟು ಅಗ್ಗವಾಗಿ ಎಟುಕಿದ ಯಂತ್ರವ್ಯವಸ್ಥೆ ಜಗತ್ತಿನಲ್ಲಿ ಅಪರೂಪ. ಅದರಲ್ಲಿ ಹೆಸರು ತೋರಿಸುವುದಕ್ಕೆ ಕಾರಣವೂ ಇದೆ. ಹಣ ತಪ್ಪು ಖಾತೆಗೆ ಹೋಗಬಾರದು, ಯಾರೋ ಇನ್ಯಾರದೋ ಹೆಸರು ಹೇಳಿ ಮೋಸ ಮಾಡಬಾರದು. 2025ರ ಜೂನ್ ಕೊನೆಯಿಂದ, ಬ್ಯಾಂಕಿನ ದಾಖಲೆಯಲ್ಲಿ ಇರುವ ಹೆಸರನ್ನೇ ತೋರಿಸಬೇಕು, ಅಡ್ಡಹೆಸರು ಕೂಡದು ಎಂಬ ನಿಯಮವೂ ಬಂತು. ಒಮ್ಮೆ ಸಂಖ್ಯೆ ತಪ್ಪಿ ಒತ್ತಿದಾಗ ಪರದೆಯ ಅಪರಿಚಿತ ಹೆಸರೇ ನನ್ನ ಹಣ ಉಳಿಸಿದೆ. ಹಾಗಾಗಿ ಈ ಏರ್ಪಾಡನ್ನು ಸುಲಭವಾಗಿ ಬಯ್ಯಲಾರೆ.

ಆದರೆ ನಮ್ಮ ನಾಡಿನಲ್ಲಿ ಹೆಸರೆಂದರೆ ಬರೀ ಹೆಸರಲ್ಲ. ಅದರಲ್ಲಿ ಜಾತಿ ಇದೆ, ಧರ್ಮ ಇದೆ, ಕೆಲವೊಮ್ಮೆ ಅಜ್ಜನ ಕಸುಬೂ ಇದೆ. ಬೊಂಡದವನನ್ನು ಎಲ್ಲರೂ ಬೊಂಡದವನೆಂದೇ ಕರೆಯುತ್ತಿದ್ದರು. ಅವನು ತುಳು, ಕನ್ನಡ, ಬ್ಯಾರಿ, ಕೊಂಕಣಿ ನಾಲ್ಕನ್ನೂ ಒಂದೇ ಉಸಿರಿನಲ್ಲಿ ಆಡುವವನು. ಕತ್ತಿಯ ಮೂರೇ ಏಟಿಗೆ ಬೊಂಡದ ಕಣ್ಣು ತೆರೆಯುವವನು. ಅವನ ಗುರುತು ಆ ಮೂರು ಏಟುಗಳಲ್ಲಿ ಇತ್ತು. "ಈಗ ಕೆಲವರು ಸ್ಕ್ಯಾನ್ ಮಾಡಿ ಒಂದು ಗಳಿಗೆ ನಿಲ್ತಾರೆ ಸಾರ್," ಎಂದ ಅವನು. "ಏನೂ ಹೇಳುವುದಿಲ್ಲ. ಹಣ ಹಾಕ್ತಾರೆ. ಮರುದಿನ ಬರುವುದಿಲ್ಲ." ಆ ಒಂದು ಗಳಿಗೆಯೇ ನಮ್ಮ ಹಳೆಯ ಅಂಗಡಿಯ ಗೇಣು.

2022ರ ಮಾರ್ಚಿನಲ್ಲಿ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಅವಕಾಶ ಕೊಡದೆ ಇದ್ದದ್ದನ್ನು ಕಂಡವರಿಗೆ ಅವನ ಮಾತು ಅತಿರೇಕವೆನಿಸದು. ಉತ್ತರ ಪ್ರದೇಶದಲ್ಲಿ ಇದು ಇನ್ನೂ ಬಿಚ್ಚಿಟ್ಟ ರೂಪದಲ್ಲಿ ನಡೆಯಿತು. ಕಾವಡಿ ಯಾತ್ರೆಯ ದಾರಿಯ ತಿಂಡಿ ಅಂಗಡಿಗಳು ಮಾಲೀಕರ ಹೆಸರು ಬರೆದು ಹಾಕಬೇಕೆಂಬ ಆದೇಶವನ್ನು 2024ರ ಜುಲೈ 22ರಂದು ಸುಪ್ರೀಂ ಕೋರ್ಟ್ ತಡೆಹಿಡಿಯಿತು. ಮುಂದಿನ ವರ್ಷ ಯಾತ್ರೆಗೆ ಮುನ್ನ, ಮುಜಫ್ಫರನಗರದ ಢಾಬಾವೊಂದಕ್ಕೆ ಹೋದ ಕೆಲವರು ಹಣ ಪಾವತಿಯ ಕ್ಯೂಆರ್ ಸ್ಕ್ಯಾನ್ ಮಾಡಿ ಅದು ಯಾರದೆಂದು ಕಂಡುಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂತು. ನ್ಯಾಯಾಲಯ ಬೋರ್ಡಿನ ಮೇಲೆ ಬೇಡವೆಂದ ಹೆಸರು ಮೊಬೈಲಿನೊಳಗೆ ಮೊದಲೇ ಕುಳಿತಿತ್ತು. ಇದರಲ್ಲಿ ಇನ್ನೊಂದು ಅನ್ಯಾಯವೂ ಇದೆ. ದೊಡ್ಡ ಮಳಿಗೆಗೆ ಹಣ ಕಳಿಸಿದರೆ ಕಂಪನಿಯ ಹೆಸರು ಕಾಣುತ್ತದೆ. ಅದರ ಒಡೆಯ ಯಾವ ದೇವರಿಗೆ ಕೈಮುಗಿಯುತ್ತಾನೆಂದು ಯಾರಿಗೂ ಗೊತ್ತಾಗುವುದಿಲ್ಲ. ತಳ್ಳುಗಾಡಿಯವನು ಮಾತ್ರ ತನ್ನ ಹುಟ್ಟುಹೆಸರಿನೊಂದಿಗೇ ಬೀದಿಯಲ್ಲಿ ನಿಲ್ಲಬೇಕು.

ಮುಚ್ಚಿಡುವಂಥದ್ದು ಏನೂ ಇಲ್ಲದವನಿಗೆ ಹೆದರಿಕೆ ಏಕೆ ಎಂದು ಗೆಳೆಯರೊಬ್ಬರು ಕೇಳಿದರು. ಅವರು ಒಳ್ಳೆಯವರು, ಲಂಚ ತಿನ್ನದೆ ನಿವೃತ್ತರಾದ ಅಧಿಕಾರಿ. ನಗದಿನ ಕತ್ತಲೆಯಲ್ಲಿ ಏನೇನು ನಡೆಯುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು. ಅವರ ಮಾತಿಗೆ ತೂಕವಿದೆ. ನಮ್ಮ ಪಕ್ಕದ ಮನೆಯ ಬೀಡಿ ಕಟ್ಟುವ ಹೆಂಗಸಿಗೆ ಕೂಲಿ ಈಗ ಅವಳದೇ ಖಾತೆಗೆ ಬರುತ್ತದೆ, 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿಯೂ ಅಷ್ಟೇ. ಮೊದಲೆಲ್ಲ ನೋಟು ಕೈಗೆ ಬಂದ ಸಂಜೆಯೇ ಗಂಡನ ಜೇಬು ಸೇರುತ್ತಿತ್ತು. ಪರದೆಯಲ್ಲಿ ತನ್ನ ಹೆಸರು ನೋಡಿದಾಗ ಅವಳ ಮುಖ ಅರಳುವುದನ್ನು ನಾನು ಕಂಡಿದ್ದೇನೆ. ಅವಳಿಗೆ ಹೆಸರೇ ಬಲ. ಬೊಂಡದವನಿಗೆ ಅದೇ ಭಯ. ಇಬ್ಬರಿಗೂ ಒಂದೇ ಯಂತ್ರ.

ಆದರೂ ಗೆಳೆಯರ ಪ್ರಶ್ನೆಯನ್ನು ನಾನು ಒಪ್ಪಲಿಲ್ಲ. ಮುಚ್ಚಿಡುವುದು ಬೇರೆ, ತೋರಿಸದೆ ಇರುವುದು ಬೇರೆ. ತೆರಿಗೆ ಕದಿಯಲು ಲೆಕ್ಕ ಮುಚ್ಚಿಡುವವನು ಸಮಾಜಕ್ಕೆ ಸಲ್ಲಬೇಕಾದದ್ದನ್ನು ಕೊಡುತ್ತಿಲ್ಲ. ಬೊಂಡ ಮಾರುವಾಗ ಹೆಸರು ಹೇಳದವನು ಯಾರಿಗೂ ಏನನ್ನೂ ಬಾಕಿ ಉಳಿಸಿಲ್ಲ. ಬೊಂಡ ಕೊಟ್ಟಿದ್ದಾನೆ, ಹಣ ಪಡೆದಿದ್ದಾನೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಹಿರಿಯರು ಹೇಳುತ್ತಿದ್ದದ್ದು ದಾನ ಕೊಡುವವನ ಅಹಂಕಾರ ಅಡಗಲಿ ಎಂದು ಮಾತ್ರವಲ್ಲ, ಪಡೆಯುವವನ ಮಾನ ಉಳಿಯಲಿ ಎಂದೂ ಹೌದು. ದೇವಸ್ಥಾನದ ಹುಂಡಿಗೂ ದರ್ಗಾದ ಡಬ್ಬಿಗೂ ಒಂದು ಸಣ್ಣ ಸೀಳಷ್ಟೇ ಇರುತ್ತದೆ. ಹಾಕಿದವರು ಯಾರು, ಹಾಕಿದ್ದು ಎಷ್ಟು ಎಂದು ಒಳಗಿನ ಕತ್ತಲೆ ಕೇಳುವುದಿಲ್ಲ. ಈಗ ಆ ಸೀಳಿನ ಪಕ್ಕದಲ್ಲೇ ಕ್ಯೂಆರ್ ಚೀಟಿ ಅಂಟಿಸಿದ್ದಾರೆ. ಅಂಗಡಿಗಳಲ್ಲಿ ಸೌಂಡ್ ಬಾಕ್ಸ್ ಬೇರೆ. ಐದು ರೂಪಾಯಿಯ ಬಿಸ್ಕತ್ತು ಕೊಂಡ ಕೂಲಿಯವನ ಐದು ರೂಪಾಯಿಯನ್ನು ಅದು ಬೀದಿಗೆಲ್ಲ ಕೂಗಿ ಹೇಳುತ್ತದೆ.

ಲಂಡನ್ನಿನ ಯಂತ್ರ ಹೆಸರು ಕೇಳದೆ ಹಣ ಪಡೆಯುತ್ತದೆ. ಅಂದರೆ ಹಾಗೆ ಮಾಡುವುದು ಅಸಾಧ್ಯವಲ್ಲ, ಅದು ಮನುಷ್ಯರು ಮಾಡಿದ ಆಯ್ಕೆ. ನಮ್ಮಲ್ಲೂ ರಿಸರ್ವ್ ಬ್ಯಾಂಕು 2022ರ ಡಿಸೆಂಬರಿನಲ್ಲಿ ಬೆಂಗಳೂರೂ ಸೇರಿ ನಾಲ್ಕು ನಗರಗಳಲ್ಲಿ ಡಿಜಿಟಲ್ ರೂಪಾಯಿಯನ್ನು ಜನಬಳಕೆಗೆ ಪ್ರಯೋಗಾರ್ಥ ತಂದಾಗ, ಸಣ್ಣ ವ್ಯವಹಾರಗಳಿಗೆ ನಗದಿನಂತೆಯೇ ಗೋಪ್ಯತೆ ಇರಬೇಕೆಂಬ ಚರ್ಚೆ ಅದರ ಜೊತೆಗೇ ನಡೆದಿತ್ತು. ಇಪ್ಪತ್ತು ಸಾವಿರ ಕಳಿಸುವಾಗ ಹೆಸರು ಕಾಣಲಿ, ನಲವತ್ತು ರೂಪಾಯಿಯ ಬೊಂಡಕ್ಕೆ ಬೇಡ. ಇಷ್ಟು ವಿವೇಕ ನಾಣ್ಯಕ್ಕೆ ಇತ್ತು.

ಬೊಂಡದವನು ಮಾತ್ರ ಯಾವ ಚರ್ಚೆಗೂ ಕಾಯಲಿಲ್ಲ. ಪಕ್ಕದ ಹೂವಿನ ಅಂಗಡಿಯ ಗೆಳೆಯನ ಕ್ಯೂಆರ್ ಚೀಟಿಯನ್ನು ತನ್ನ ಗಾಡಿಗೆ ಅಂಟಿಸಿಕೊಂಡ. ಆ ಹೆಸರನ್ನು ನೋಡಿ ಯಾರೂ ಗಳಿಗೆ ನಿಲ್ಲುತ್ತಿರಲಿಲ್ಲ. ರಾತ್ರಿ ಗೆಳೆಯ ಲೆಕ್ಕ ನೋಡಿ ನಗದು ಎಣಿಸಿ ಕೊಡುತ್ತಿದ್ದ. ತಿಂಗಳುಗಟ್ಟಲೆ ಹೀಗೆ ನಡೆಯಿತು, ಒಂದು ರೂಪಾಯಿಯ ವ್ಯತ್ಯಾಸವಿಲ್ಲದೆ. ಇದು ಸರಿಯೇ? ಗಿರಾಕಿಗೆ ಸುಳ್ಳು ಹೇಳಿದಂತಾಗಲಿಲ್ಲವೇ ಎಂದು ನಾನೂ ಯೋಚಿಸಿದ್ದೇನೆ. ಕೇಳಬಾರದ ಪ್ರಶ್ನೆಗೆ ಕೊಟ್ಟ ತಪ್ಪು ಉತ್ತರವನ್ನು ಸುಳ್ಳೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

2025ರ ಜುಲೈಯಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಿತು. ಬೆಂಗಳೂರಿನ ಬೀದಿಗಳಲ್ಲಿ 'ಯುಪಿಐ ಇಲ್ಲ, ನಗದು ಮಾತ್ರ' ಎಂಬ ಚೀಟಿಗಳು ಬಂದವು. ಹೂವಿನವನಿಗೆ ನೋಟಿಸು ಬಂದಿರಲಿಲ್ಲ. ಆದರೆ ಎರಡು ವ್ಯಾಪಾರದ ಹಣ ಒಂದೇ ಖಾತೆಗೆ ಬೀಳುತ್ತಿದೆಯಲ್ಲ ಎಂದು ಅವನು ನಿದ್ದೆಗೆಟ್ಟ. ಗೆಳೆಯನಿಗೆ ಹೇಳಲಾರ, ಹೇಳದೆ ಇರಲಾರ. ಬೊಂಡದವನೇ ಅವನ ಮುಖ ನೋಡಿ ಒಂದು ಬೆಳಿಗ್ಗೆ ಚೀಟಿ ಕಿತ್ತ. ತನ್ನದನ್ನೇ ಮತ್ತೆ ಅಂಟಿಸಿದ.

ಈಗ ನಾನು ಅವನಿಗೆ ನೋಟೇ ಕೊಡುತ್ತೇನೆ. ಮೊನ್ನೆ ಐವತ್ತು ಕೊಟ್ಟಾಗ ಡಬ್ಬಿ ತಡಕಾಡಿ ಹತ್ತರ ನಾಣ್ಯವೊಂದನ್ನು ನನ್ನ ಅಂಗೈಯಲ್ಲಿ ಇಟ್ಟ. ಅವನ ಬೆರಳುಗಳು ಬೊಂಡದ ನೀರಿನಿಂದ ಒದ್ದೆಯಾಗಿದ್ದವು. ನಾಣ್ಯವೂ ಒದ್ದೆಯಾಗಿತ್ತು. "ಒರೆಸಿ ಕೊಡಬೇಕಿತ್ತು ಸಾರ್" ಎಂದ.