ತೀರದ ವಸ್ತು ತೀರಿಹೋಗುವ ಬಗೆ

ಮೊಬೈಲ್ ಆ್ಯಪ್ ಬರೆಯುವವರ ಕೈಪಿಡಿಗಳಲ್ಲಿ ಒಂದು ವಿಂಗಡಣೆ ಇದೆ. ಆ್ಯಪ್‌ನ ಒಳಗೆ ಮಾರುವ ಸರಕುಗಳಲ್ಲಿ ಕೆಲವು 'ಕನ್ಸ್ಯೂಮಬಲ್', ಅಂದರೆ ಬಳಸಿದರೆ ತೀರಿಹೋಗುವಂಥವು: ಆಟದ ನಾಣ್ಯ, ರತ್ನ, ಹೆಚ್ಚುವರಿ ಜೀವ. ಇನ್ನು ಕೆಲವು ಒಮ್ಮೆ ಕೊಂಡರೆ ಉಳಿಯುವಂಥವು: ಜಾಹೀರಾತು ಬಾರದಂತೆ ಮಾಡುವ ಸೌಲಭ್ಯ, ಆಟದ ಹೊಸ ಹಂತ. ಫೋನ್ ಬದಲಿಸಿದಾಗ ಎರಡನೆಯ ಬಗೆಯವನ್ನು 'ರಿಸ್ಟೋರ್' ಒತ್ತಿ ಮರಳಿ ಪಡೆಯಬಹುದು. ಮೊದಲನೆಯವು ಹಾಗಲ್ಲ. ಉಳಿದ ನಾಣ್ಯಗಳ ಲೆಕ್ಕವನ್ನು ಆ್ಯಪ್ ಮಾಡಿದವರು ಇಟ್ಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ನೀತಿಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿರುವ ನನಗೆ ಈ ವಿಂಗಡಣೆ ಹೊಸದೆನಿಸಲಿಲ್ಲ. ಸಮಂತಭದ್ರನ 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಒಮ್ಮೆ ಅನುಭವಿಸಿ ಬಿಡುವುದು ಭೋಗ, ಮತ್ತೆ ಮತ್ತೆ ಅನುಭವಿಸಬಹುದಾದದ್ದು ಉಪಭೋಗ. ಅನ್ನ ಮೊದಲನೆಯದು, ಬಟ್ಟೆ ಎರಡನೆಯದು. ಯುರೋಪಿನಲ್ಲಿ 13ನೇ ಶತಮಾನದ ಥಾಮಸ್ ಅಕ್ವಿನಾಸ್ ಕೂಡ ಮನೆಯನ್ನೂ ಗೋಧಿಯನ್ನೂ ಹೀಗೆಯೇ ಬೇರೆ ಮಾಡಿದ. ಗೋಧಿಯನ್ನು ಬಳಸುವುದೆಂದರೆ ಮುಗಿಸುವುದೇ. ಹಾಗಾಗಿ ವಸ್ತುವಿಗೊಂದು ಬೆಲೆ, ಅದರ ಬಳಕೆಗೆ ಇನ್ನೊಂದು ಬೆಲೆ ಎಂದು ವಸೂಲಿ ಮಾಡುವುದು ಒಂದನ್ನೇ ಎರಡು ಸಲ ಮಾರಿದಂತೆ. ಬಡ್ಡಿಯ ವಿರುದ್ಧ ಅವನ ವಾದ ನಿಂತದ್ದು ಇದರ ಮೇಲೆ.

ಈ ಇಬ್ಬರಿಗೂ ತೀರಿಹೋಗುವುದು ವಸ್ತುವಿನ ಸ್ವಭಾವ. ಅನ್ನ ಉಂಡರೆ ಮುಗಿಯುತ್ತದೆ; ಅದಕ್ಕೆ ಯಾರ ಅಪ್ಪಣೆಯೂ ಬೇಡ. ಆಟದ ರತ್ನ ಹಾಗಲ್ಲ. ಅದು ಎಲ್ಲೋ ಒಂದು ಸರ್ವರ್‌ನಲ್ಲಿರುವ ಅಂಕಿ. ಗೂಗಲ್ ಪ್ಲೇಯಲ್ಲಿ ಕೊಂಡ ಇಂಥ ಸರಕು 'ಬಳಸಿಯಾಯಿತು' ಎಂದು ಆ್ಯಪ್ ತಿಳಿಸುವವರೆಗೆ ಅದೇ ಸರಕನ್ನು ಮತ್ತೆ ಕೊಳ್ಳಲಾಗದು. ನಾಣ್ಯಗಳು ಖಾತೆಗೆ ಸೇರಿದ ಕೂಡಲೇ ಈ ಸಂದೇಶ ಹೋಗುವುದು ವಾಡಿಕೆ. ಆಟಗಾರ ಒಂದು ನಾಣ್ಯವನ್ನೂ ಮುಟ್ಟುವ ಮೊದಲೇ ಅಂಗಡಿಯ ಲೆಕ್ಕದಲ್ಲಿ ಅದು ತೀರಿದ ಸರಕು.

ಹಾಗಾದರೆ ಇದು ಮೋಸವೇ? ಅಷ್ಟು ಸುಲಭವಾಗಿ ಹೇಳಲಾರೆ. ಸಿನಿಮಾ ಟಿಕೆಟ್ಟೂ ಹರಿದ ಮೇಲೆ ತೀರಿತು; ಅದನ್ನು ತೀರಿಸುವುದೂ ನಿಯಮವೇ. ಆಟ ಕಟ್ಟಿದವರ ದುಡಿಮೆಗೆ ಕೂಲಿ ಸಿಗಬೇಕು, ಸರ್ವರ್‌ಗೆ ಬಾಡಿಗೆ ಕಟ್ಟಬೇಕು. ಆದರೆ ಟಿಕೆಟ್ಟಿನ ಹಿಂದೆ ಒಂದು ಕುರ್ಚಿ ಇದೆ, ನಾನು ಕೂತರೆ ಇನ್ನೊಬ್ಬರಿಗೆ ಸಿಗದ ಕುರ್ಚಿ. 2012ರಲ್ಲಿ ಬಂದ 'ಕ್ಯಾಂಡಿ ಕ್ರಷ್ ಸಾಗಾ'ದ ಐದು ಜೀವಗಳನ್ನು ನೋಡಿ. ಸೋತರೆ ಒಂದು ಹೋಗುತ್ತದೆ, ಮತ್ತೊಂದು ಹುಟ್ಟಲು ಅರ್ಧ ಗಂಟೆ ಕಾಯಬೇಕು, ಕಾಯಲಾರದವರು ದುಡ್ಡು ಕೊಡಬಹುದು. ಇಲ್ಲಿ ಕೊರತೆಯೂ ಅದೇ ಅಂಗಡಿಯ ತಯಾರಿಕೆ, ಅದರ ಪರಿಹಾರವೂ ಅದೇ ಅಂಗಡಿಯ ಸರಕು. ದಾರಿಗೆ ಮುಳ್ಳು ಹಾಕಿದವನೇ ಚಪ್ಪಲಿ ಮಾರಲು ಕೂತಂತೆ.

ಅಕ್ಕನ ಮಗ ಅಜ್ಜಿ ಕೊಟ್ಟ ನೂರು ರೂಪಾಯಿಗೆ ಅಮ್ಮನ ಫೋನಿನಲ್ಲಿ ರತ್ನಗಳನ್ನು ಕೊಂಡಿದ್ದ. ಸಂಜೆಯೊಳಗೆ ಎಲ್ಲ ಖಾಲಿ. "ಚಿಕ್ಕೀ, ಚಾಕ್ಲೇಟ್ ಆದ್ರೆ ತಿಂದಿದ್ದು ಹೊಟ್ಟೇಲಿರುತ್ತೆ. ಇದು ಎಲ್ಲಿ ಹೋಯ್ತು?" ಎಂದ. ಒಂಬತ್ತು ವರ್ಷದ ಹುಡುಗ ಕೇಳಿದ್ದು ಸರಿಯಾದ ಪ್ರಶ್ನೆಯೇ. ಭೋಗವೆಂದರೆ ಏನಾದರೂ ಒಳಗೆ ಹೋಗಬೇಕು. ಇಲ್ಲಿ ಅವನಿಗೆ ಸಿಕ್ಕಿದ್ದು ತಡೆಯೊಂದು ಸ್ವಲ್ಪ ಹೊತ್ತು ಸರಿದುಕೊಂಡದ್ದಷ್ಟೇ. ರೂಪಾಯಿ ರತ್ನವಾಗಿ, ರತ್ನ ಜೀವವಾಗಿ ಬದಲಾಗುವಷ್ಟರಲ್ಲಿ ಎಷ್ಟು ಕೊಟ್ಟೆನೆಂಬುದೂ ಮರೆತಿತ್ತು.

ಕಾನೂನು ಈ ಪ್ರಶ್ನೆಯ ಅಂಚನ್ನು ಮುಟ್ಟಿದೆ. ಪಾಸ್‌ವರ್ಡ್ ಹಾಕಿದ ಮೇಲೆ 15 ನಿಮಿಷ ಮತ್ತೆ ಕೇಳದೆ ಖರೀದಿಗೆ ಬಿಡುತ್ತಿದ್ದ ವ್ಯವಸ್ಥೆಯಲ್ಲಿ ಮಕ್ಕಳು ಕೊಂಡದ್ದಕ್ಕಾಗಿ ಆಪಲ್ ಕಂಪನಿ 2014ರಲ್ಲಿ ಅಮೆರಿಕದ ವ್ಯಾಪಾರ ಆಯೋಗದ ಮುಂದೆ ಕನಿಷ್ಠ 3.25 ಕೋಟಿ ಡಾಲರ್ ಮರಳಿಸಲು ಒಪ್ಪಿತು. ಕೊಂಡ ನಾಣ್ಯಕ್ಕೆ ಅವಧಿ ಹಾಕಿ ಕಸಿಯಬಾರದು ಎಂಬ ನಿಯಮ ಆ ಕಂಪನಿಯ ಆ್ಯಪ್ ಅಂಗಡಿಯಲ್ಲಿ ಈಗ ಇದೆ. ಇವೆರಡೂ ಒಪ್ಪಿಗೆಯನ್ನೂ ಲೆಕ್ಕವನ್ನೂ ಕಾಯುತ್ತವೆ. ಕೊರತೆಯನ್ನು ಹುಟ್ಟಿಸಬಹುದೇ ಎಂಬುದು ಅವುಗಳ ಪ್ರಶ್ನೆಯಲ್ಲ.

ಅದಕ್ಕೆ ನಾನು ಮತ್ತೆ ಸಮಂತಭದ್ರನ ಕಡೆ ತಿರುಗುತ್ತೇನೆ. ಭೋಗ ಮತ್ತು ಉಪಭೋಗಗಳನ್ನು ಆತ ಬೇರ್ಪಡಿಸುವುದು ಭೋಗೋಪಭೋಗ ಪರಿಮಾಣ ವ್ರತದ ಸಲುವಾಗಿ. ಗೃಹಸ್ಥ ತನಗೆ ಎಷ್ಟು ಸಾಕು ಎಂದು ತಾನೇ ಅಳತೆ ಹಾಕಿಕೊಳ್ಳುವುದು ಈ ವ್ರತ. ಆಟದಲ್ಲೂ ಮಿತಿ ಇದೆ, ಐದು ಜೀವ, ಅರ್ಧ ಗಂಟೆ. ಆದರೆ ಅದನ್ನು ಹಾಕಿದವನು ಮಾರುವವನು, ಹಾಕಿದ್ದು ಮುರಿಸಿ ಕಾಸು ಮಾಡಿಕೊಳ್ಳಲು. ನಾನು ಹಾಕಿಕೊಂಡ ಮಿತಿ ಮುರಿದಾಗ ನನ್ನ ಬಗ್ಗೆ ನನಗೇ ಏನೋ ತಿಳಿಯುತ್ತದೆ. ಅವನು ಹಾಕಿದ್ದು ಮುರಿದಾಗ ತಿಳಿಯುವುದು ಅವನಿಗೆ: ನನ್ನ ತಾಳ್ಮೆಗೆ ಎಷ್ಟು ಬೆಲೆ ಎಂದು.

ಹಾಗಾಗಿ ಆ್ಯಪ್ ಮಾರುವವರಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಬೆಲೆ ಕೊನೆಯವರೆಗೂ ರೂಪಾಯಿಯಲ್ಲೇ ಕಾಣಲಿ. ಫೋನ್ ಬದಲಾದರೂ ಉಳಿದ ನಾಣ್ಯದ ಲೆಕ್ಕ ಉಳಿಯಲಿ. ಈ ತಿಂಗಳಿಗೆ ಇಷ್ಟೇ ಎಂದು ಆಡುವವರೇ ಬರೆದಿಡುವ ಒಂದು ಜಾಗವಿರಲಿ, ಬರೆದ ಮೇಲೆ ಅಂಗಡಿಯೂ ಅದನ್ನು ಪಾಲಿಸಲಿ. ಅದಾದ ಮೇಲೂ ಕೊಳ್ಳುವವರು ಕೊಳ್ಳುತ್ತಾರೆ. ಆಗ ಅದನ್ನು ಅವರ ಭೋಗವೆಂದು ಕರೆಯಲು ನನಗೆ ಅಡ್ಡಿಯಿಲ್ಲ.