ಹೊಗಳಿಕೆಯ ಕೆಳಗಿನ ಸಾಲುಗಳು

ಅಮೆರಿಕದ ರಾಜ್ಯಗಳ ಶಾಸನಸಭೆಗಳಲ್ಲಿ ಒಂದು ರೂಢಿಯಿದೆ. ಯಾವುದಾದರೂ ಸಂಘಕ್ಕೆ ಇಷ್ಟು ವರ್ಷ ತುಂಬಿತೆಂದರೆ ಅಭಿನಂದನಾ ನಿರ್ಣಯವೊಂದನ್ನು ಸಭೆಯಲ್ಲಿ ಓದಿ, ಅಂಗೀಕರಿಸಿ, ಪ್ರತಿಯನ್ನು ಆ ಸಂಘದವರ ಕೈಗಿಡುತ್ತಾರೆ. ಮಳಿಗೆ, ಕಚೇರಿ, ಉಗ್ರಾಣಗಳನ್ನು ಕಟ್ಟಿ ಬಾಡಿಗೆಗೆ ಕೊಡುವವರ ಸಂಘಗಳಿಗೂ ಈ ಗೌರವ ಸಂದಿದೆ. ಅದರಿಂದ ಕಾನೂನೂ ಹುಟ್ಟುವುದಿಲ್ಲ, ತೆರಿಗೆಯೂ ಇಳಿಯುವುದಿಲ್ಲ; ಮರುದಿನ ಸಭೆ ಬೇರೆ ವಿಷಯಕ್ಕೆ ಹೊರಳುತ್ತದೆ. ಬಳ್ಳಾರಿಯ ಅಂಚಿನಲ್ಲಿ ನಿಂತು ಯೋಚಿಸುವವನಿಗೆ ಇದು ವಿಚಿತ್ರವೆನಿಸಬಹುದು. ಇಲ್ಲಿ ಎರೆಹೊಲಗಳ ನಡುವೆ ಸುಣ್ಣ ಬಳಿದ ಗಡಿಕಲ್ಲುಗಳು ಸಾಲಾಗಿ ನಿಂತಿವೆ. ಕಲ್ಲಿನ ಮೇಲೆ ನಿವೇಶನದ ಸಂಖ್ಯೆ, ಕಲ್ಲಿನ ಬುಡದಲ್ಲಿ ಜಾಲಿಯ ಗಿಡ. ಜೋಳವೋ ಹತ್ತಿಯೋ ಬೆಳೆಯುತ್ತಿದ್ದ ನೆಲ ಬೆಳೆಯನ್ನು ಬಿಟ್ಟಿದೆ, ಮನೆಯನ್ನು ಇನ್ನೂ ಪಡೆದಿಲ್ಲ. ಹೊಲವನ್ನು ನಿವೇಶನವಾಗಿಸುವ ಈ ವ್ಯವಹಾರವನ್ನು ಒಂದು ಸಭೆ ಎದ್ದು ನಿಂತು ಗೌರವಿಸುವುದಾದರೆ, ಏನನ್ನು ಗೌರವಿಸಿದಂತಾಯಿತು?

ವರ್ತಕರ ಸಂಘಕ್ಕೆ ಸಾರ್ವಜನಿಕ ಪ್ರಶಸ್ತಿ ನಮ್ಮ ನಾಡಿಗೆ ಹೊಸದೇನಲ್ಲ. ಐಹೊಳೆಯನ್ನು ಮೂಲನೆಲೆಯಾಗಿ ಹೇಳಿಕೊಂಡ ಅಯ್ಯಾವೊಳೆ ಐನೂರ್ವರು ಕನ್ನಡ ನಾಡನ್ನು ದಾಟಿ ತಮಿಳು ದೇಶದವರೆಗೂ, ಕಡಲಾಚೆಗೂ ತಮ್ಮ ಹೆಸರನ್ನು ಕಲ್ಲಿನಲ್ಲಿ ಬಿಟ್ಟುಹೋದರು. ಅವರ ಶಾಸನಗಳ ಹೊಗಳಿಕೆಗೆ ಮಿತಿಯೇ ಇಲ್ಲ: ಶೌರ್ಯವೂ ತಮ್ಮದೇ, ಸತ್ಯವೂ ತಮ್ಮದೇ, ವರ್ತಕರ ಕಟ್ಟಳೆಯಾದ ವೀರಬಣಂಜು ಧರ್ಮದ ಕಾವಲೂ ತಮ್ಮದೇ. ಓದುವಾಗ ನಗು ಬರುತ್ತದೆ ಎಂಬುದನ್ನು ಮುಚ್ಚಿಡಲಾರೆ. ಆದರೆ ಹೊಗಳಿಕೆ ಮುಗಿದ ಮೇಲಿನ ಸಾಲುಗಳಲ್ಲಿ ನಗು ನಿಲ್ಲುತ್ತದೆ. ಯಾವ ದೇವರಿಗೆ, ಯಾವ ಸರಕಿನ ಹೇರಿಗೆ ಎಷ್ಟು ಸುಂಕ, ಎಷ್ಟು ಅಡಿಕೆ, ಎಷ್ಟು ಎಲೆ, ನಂದಾದೀಪಕ್ಕೆ ಎಷ್ಟು ಎಣ್ಣೆ ಎಂಬ ವಿವರ ಅಲ್ಲಿಂದ ಮೊದಲಾಗುತ್ತದೆ. ಕೊನೆಗೆ, ಇದಕ್ಕೆ ತಪ್ಪಿದವನಿಗೆ ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪ. ಕೊಟ್ಟದ್ದನ್ನು ಎಣಿಸಿ ಹೇಳದೆ ಪ್ರಶಸ್ತಿ ಪೂರ್ಣವಾಗುತ್ತಿರಲಿಲ್ಲ. ಬಿರುದು ಬೇಕಾದವನು ಲೆಕ್ಕವನ್ನೂ ಅದೇ ಕಲ್ಲಿನಲ್ಲಿ ಕೆತ್ತಿಸಬೇಕಾಗಿತ್ತು.

ಬಳ್ಳಾರಿಗೆ ಹತ್ತಿರದ ಕುರುಗೋಡನ್ನೇ ನೋಡಿ: ಹನ್ನೆರಡನೆಯ ಶತಮಾನದಲ್ಲಿ ಅದು ಸಿಂದ ಅರಸರ ನೆಲೆ. ಬೆಟ್ಟದ ಬುಡದ ದೇಗುಲಗಳು, ದೊಡ್ಡಬಸವೇಶ್ವರನ ಏಕಶಿಲೆಯ ಭವ್ಯಮೂರ್ತಿ ಇಂದಿಗೂ ಇವೆ. ಆ ಕಾಲದ ಸಂತೆ ಯಾವ ಬಯಲಿನಲ್ಲಿ ಕೂಡುತ್ತಿತ್ತು, ಅಂಗಡಿಯ ಜಗಲಿಗಳು ಯಾವ ದಿಕ್ಕಿಗೆ ಮುಖ ಮಾಡಿದ್ದವು ಎಂದು ತೋರಿಸಬಲ್ಲವರು ಇಂದು ಸಿಗುವುದಿಲ್ಲ. ದಾನ ಪಡೆದದ್ದು ಉಳಿಯಿತು, ವ್ಯಾಪಾರ ನಡೆದ ಜಾಗ ಅಳಿಯಿತು. ಬಳ್ಳಾರಿಯ ಬ್ರೂಸ್‌ಪೇಟೆ ಬ್ರಿಟಿಷ್ ಅಧಿಕಾರಿಯೊಬ್ಬನ ಹೆಸರನ್ನು ಹೊತ್ತಿದೆ. ಅಲ್ಲಿ ಮೊದಲ ಅಂಗಡಿ ತೆರೆದವನ ಹೆಸರನ್ನು ಯಾವ ಬೀದಿಯೂ ಹೊತ್ತಿಲ್ಲ.

ಆಮೇಲಿನ ಕಾಲ ವರ್ತಕರಿಗೆ ಬಿರುದಿನ ಬದಲು ಆಸನವನ್ನೇ ಕೊಟ್ಟಿತು. 1881ರ ದಸರೆಯಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಕರೆದ ಪ್ರಜಾಪ್ರತಿನಿಧಿ ಸಭೆಯ 144 ಮಂದಿಯಲ್ಲಿ ಭೂಹಿಡುವಳಿದಾರರ ಜೊತೆಗೆ ವರ್ತಕರೂ ಕುಳಿತರು. ಬಳ್ಳಾರಿ ಆಗ ಮದರಾಸು ಪ್ರಾಂತದಲ್ಲಿತ್ತು. 1919ರ ಕಾಯಿದೆಯ ನಂತರ ಅಲ್ಲಿನ ಶಾಸನಪರಿಷತ್ತಿನಲ್ಲಿಯೂ ವಾಣಿಜ್ಯ ಸಂಘಗಳಿಗೆ ಮೀಸಲು ಸ್ಥಾನಗಳಿದ್ದವು. ಸಂವಿಧಾನ ಬಂದಮೇಲೆ ಆ ಸ್ಥಾನಗಳು ಹೋದವು. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರುವ ವೇಳೆಗೆ ವರ್ತಕನಿಗೂ ರೈತನಿಗೂ ತಲಾ ಒಂದೇ ಓಟು. ಹೋದದ್ದು ಹೋಗಬೇಕಾದದ್ದೇ. ಇಂದಿನ ವಿಧಾನ ಪರಿಷತ್ತಿನಲ್ಲಿ ಶಿಕ್ಷಕರಿಗೆ, ಪದವೀಧರರಿಗೆ ಕ್ಷೇತ್ರಗಳಿವೆ, ವರ್ತಕರಿಗಿಲ್ಲ. ಅದಕ್ಕಾಗಿ ಕೊರಗಿದವರನ್ನು ನಾನು ಕಂಡಿಲ್ಲ.

ಆಸನ ಹೋದರೂ ನೆಲದ ವ್ಯಾಪಾರ ಉಳಿಯಿತು. ನೆಲದ ಬೆಲೆಯ ಚಂಚಲತೆಯನ್ನು ಬಳ್ಳಾರಿಯವರಿಗೆ ಹೊಸದಾಗಿ ಹೇಳಬೇಕಿಲ್ಲ. ಅದಿರಿನ ವರ್ಷಗಳಲ್ಲಿ ಏರಿದ ಆಸೆಗಳು, 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಇಲ್ಲಿನ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಹಾಗೆಯೇ ನಿಂತುಬಿಟ್ಟವು. ಸಿರುಗುಪ್ಪದ ಕಡೆ ತುಂಗಭದ್ರೆಯ ನೀರುಣ್ಣುವ ಗದ್ದೆಗೆ ಇನ್ನೂ ಬತ್ತವೇ ಬೆಲೆ ಕಟ್ಟುತ್ತದೆ. ಹೆದ್ದಾರಿಗೆ ತಾಗಿದ ಗದ್ದೆಯ ಮಾತು ಬೇರೆ. ಅಲ್ಲಿ ಎಕರೆ ಎಂಬ ಮಾತು ಸವೆದು ಚದರಡಿ ಎಂಬ ಮಾತು ಬಂದಾಗಲೇ ಒಂದು ತಲೆಮಾರಿನ ಬೇಸಾಯ ಸದ್ದಿಲ್ಲದೆ ಮುಗಿದಿರುತ್ತದೆ. ಈ ಮುಕ್ತಾಯಕ್ಕೆ ಯಾವ ಸಭೆಯೂ ಸಂತಾಪ ಸೂಚಿಸುವುದಿಲ್ಲ.

ಇಂದು ನಮ್ಮ ಪ್ರಭುತ್ವ ನೆಲ-ಕಟ್ಟಡಗಳ ಈ ಉದ್ಯಮವನ್ನು ಗುರುತಿಸುವ ಬಗೆಯಲ್ಲಿ ಸಮಾರಂಭವಿಲ್ಲ. 2016ರ ಸ್ಥಿರಾಸ್ತಿ ನಿಯಂತ್ರಣ ಕಾಯಿದೆ ವಾಣಿಜ್ಯ ಕಟ್ಟಡಗಳಿಗೂ ಅನ್ವಯಿಸುತ್ತದೆ. ಯೋಜನೆಯನ್ನು ನೋಂದಾಯಿಸಬೇಕು; ಕೊಳ್ಳುವವರಿಂದ ಬಂದ ಹಣದಲ್ಲಿ ನೂರಕ್ಕೆ 70ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ಆ ಯೋಜನೆಯ ನೆಲಕ್ಕೂ ನಿರ್ಮಾಣಕ್ಕೂ ಮಾತ್ರ ಬಳಸಬೇಕು. ಹಳೆಯ ಶಾಸನದ ಕೆಳಭಾಗ ಮರಳಿ ಬಂದಂತಿದೆ, ಮೇಲಿನ ಹೊಗಳಿಕೆಯಿಲ್ಲದೆ. ನನಗೆ ಇದೇ ಸರಿಯೆನಿಸುತ್ತದೆ. ಕಾಯಿದೆಯ 41ನೆಯ ಕಲಮು ಕೇಂದ್ರ ಸಲಹಾ ಮಂಡಳಿಯೊಂದನ್ನು ಹೇಳುತ್ತದೆ. ಅಲ್ಲಿ ಉದ್ಯಮಿಗಳ ಪ್ರತಿನಿಧಿಗಳಿಗೆ ಸ್ಥಾನವಿದೆ. ಗ್ರಾಹಕರಿಗೆ, ಮಧ್ಯವರ್ತಿಗಳಿಗೆ, ಕಟ್ಟಡ ಕಾರ್ಮಿಕರಿಗೂ ಇದೆ. ಹೊಲ ಮಾರಿದ ರೈತನ ಹೆಸರು ಆ ಪಟ್ಟಿಯಲ್ಲಿಲ್ಲ.