ಕತ್ತರಿ ಹಿಡಿದ ಕೈಯನ್ನು ತಡೆದವಳು



*ಇಂದಿನ ಧಮ್ಮ ಚಿಂತನೆ: ಕಲ್ಯಾಣ ಮಿತ್ರತೆ*

ಧಮ್ಮ ಬಂಧುಗಳೇ,

ಈ ಸಲ ಧಮ್ಮಚಕ್ರ ಪ್ರವರ್ತನ ದಿನಕ್ಕೆ ನಮ್ಮ ಅಧ್ಯಯನ ಬಳಗದವರು ಸೇರಿ ಒಂದು ಸ್ಕ್ರ್ಯಾಪ್‌ಬುಕ್ ಮಾಡುತ್ತಿದ್ದೇವೆ. ಮೊದಲ ಪುಟ ನಾಗಪುರದ್ದು. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ಭಂತೆ ಚಂದ್ರಮಣಿಯವರಿಂದ ದೀಕ್ಷೆ ಪಡೆದು, ನಂತರ ಲಕ್ಷಾಂತರ ಜನರಿಗೆ ತಾವೇ ದೀಕ್ಷೆ ಕೊಟ್ಟ ದಿನದ ಪುಟ ಅದು. ಅದರ ಮುಂದೆ ಮನೆಗೊಂದು ಪುಟ.

ನಮ್ಮ ಮನೆಯ ಪುಟ ಮಾಡಲು ಗೆಳತಿಯೊಬ್ಬಳು ಬಂದಿದ್ದಳು. ನೀಲಿ ಡ್ರಾಯಿಂಗ್ ಶೀಟ್, ಗೋಂದು, ಸ್ಕೆಚ್ ಪೆನ್ನು, ಕತ್ತರಿ ಹರವಿಕೊಂಡು ಇಬ್ಬರೂ ನೆಲದ ಮೇಲೆ ಕುಳಿತೆವು. ಅವ್ವನದು ನನ್ನ ಬಳಿ ಇರುವುದು ಒಂದೇ ಫೋಟೋ. ಊರಿನ ಶಾಲೆಯಲ್ಲಿ ಆಗಸ್ಟ್ 15ರಂದು ಯಾರೋ ತೆಗೆದದ್ದು. ಅದರಲ್ಲಿ ಅವ್ವ ಧ್ವಜಕಂಬದ ಪಕ್ಕ ನಿಂತಿದ್ದಾಳೆ. ಕೈಯಲ್ಲಿ ಕಸಬರಿಗೆ ಇದೆ.

ನಾನು ಕತ್ತರಿ ಎತ್ತಿಕೊಂಡೆ. ಮುಖ ಮಾತ್ರ ಉಳಿಸಿ ದುಂಡಗೆ ಕತ್ತರಿಸಿದರೆ ಚೆಂದ ಕಾಣುತ್ತದೆ ಅಂದೆ. ಗೆಳತಿ ನನ್ನ ಮಣಿಕಟ್ಟು ಹಿಡಿದಳು.

“ಅಕ್ಕಾ, ಕಸಬರಗಿ ಕತ್ತರಿಸಿದ್ರ ಅವ್ವನ ಕೈ ಸೈತ ಹೋಗ್ತದ ನೋಡು.”

ನನಗೆ ಸಿಟ್ಟು ಬಂತು. “ನಮ್ಮವರು ಕಸಬರಿಗೆ ಹಿಡಿದದ್ದನ್ನು ಹೆಮ್ಮೆಯಿಂದ ಅಂಟಿಸಬೇಕಾ? ಇಂಥ ಕೆಲಸ ಬಿಡಿಸಲಿಕ್ಕೇ ಅಲ್ಲವೇ ಬಾಬಾಸಾಹೇಬರು ಜೀವ ತೇಯ್ದದ್ದು?” ಎಂದೆ.

“ಹೆಮ್ಮಿ ಅಂತ ನಾ ಎಲ್ಲಿ ಅಂದೆ? ಖರೇ ಅಂತ ಅಂಟಸೋಣ. ಯಾರಿಗಿ ಕಾಣಬಾರ್ದಂತ ಕತ್ತರಿಸ್ಲಾಕತ್ತಿ, ಅದ್ ಹೇಳು.”

ಉತ್ತರ ನನಗೆ ಗೊತ್ತಿತ್ತು. ನಾನು ಈಗ ಶಿಕ್ಷಕಿ. ತಾಯಿ ಏನು ಮಾಡುತ್ತಿದ್ದರು ಎಂದು ಸಹೋದ್ಯೋಗಿಗಳು ಕೇಳಿದಾಗಲೆಲ್ಲ “ಶಾಲೆಯಲ್ಲೇ ಇದ್ದರು” ಅನ್ನುತ್ತಿದ್ದೆ. ಅವರು ಟೀಚರ್ ಎಂದು ತಿಳಿದುಕೊಳ್ಳುತ್ತಿದ್ದರು. ನಾನು ತಿದ್ದುತ್ತಿರಲಿಲ್ಲ.

ಬಂಧುಗಳೇ, ಸುಳ್ಳು ಹೇಳುವುದಿಲ್ಲ ಎಂದು ಪಂಚಶೀಲದಲ್ಲೂ ಹೇಳುತ್ತೇವೆ, 22 ಪ್ರತಿಜ್ಞೆಗಳಲ್ಲೂ ಹೇಳುತ್ತೇವೆ. ಆದರೆ ಸುಳ್ಳಿಗೆ ನಾಲಿಗೆಯೇ ಬೇಕೆಂದಿಲ್ಲ. ಸುಮ್ಮನಿದ್ದು ಸುಳ್ಳಾಡಬಹುದು, ಕತ್ತರಿಯಿಂದಲೂ ಸುಳ್ಳಾಡಬಹುದು. ಜಾತಿ ನಮ್ಮ ತಲೆಯ ಮೇಲೆ ಹೊರಿಸಿದ ನಾಚಿಕೆಯನ್ನು ನಾನು ದೀಕ್ಷೆಯ ನಂತರವೂ ಕೆಳಗಿಳಿಸಿರಲಿಲ್ಲ. ನಾಚಬೇಕಾದವರು ಆ ಕೆಲಸವನ್ನು ಹುಟ್ಟಿಗೆ ಕಟ್ಟಿದವರು. ನನ್ನ ಅವ್ವ ಅಲ್ಲ.

ರಾಜಗೃಹದಲ್ಲಿ ದಿನವೂ ಆರು ದಿಕ್ಕುಗಳಿಗೆ ಕೈಮುಗಿಯುತ್ತಿದ್ದ ಸಿಗಾಲನಿಗೆ ತಥಾಗತರು ಗೆಳೆತನದ ಬಗ್ಗೆ ಬಿಡಿಸಿ ಹೇಳಿದರು. ಎದುರಿಗೆ ಹೊಗಳುತ್ತಾ, ನಾವು ಮಾಡಿದ ಕೆಟ್ಟದ್ದಕ್ಕೂ ತಲೆಯಾಡಿಸುವವನು ಮಿತ್ರನ ವೇಷದಲ್ಲಿರುವವನು. ಕೆಟ್ಟದ್ದರಿಂದ ತಡೆದು ಒಳ್ಳೆಯದರಲ್ಲಿ ನಿಲ್ಲಿಸುವವನು ನಿಜವಾದ ಮಿತ್ರ. ಅಂದು ನನ್ನ ಗೆಳತಿ “ಹೌದಕ್ಕ, ಚೆಂದ ಕಾಣ್ತದ” ಅಂದಿದ್ದರೆ ನಾನು ಖುಷಿಪಡುತ್ತಿದ್ದೆ. ಅವ್ವನ ಕೈ ಕಸದಬುಟ್ಟಿಗೆ ಹೋಗುತ್ತಿತ್ತು.

ಫೋಟೋವನ್ನು ಇಡಿಯಾಗಿ ಅಂಟಿಸಿದೆವು. ಆಮೇಲೆ ಗೆಳತಿ, “ಕೆಳಗ ಹೆಸರು ಬರಿ. ಕನಗನಹಳ್ಳಿ ನೆನಪದ ಇಲ್ಲೋ?” ಎಂದಳು.

ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯ ಹತ್ತಿರ, ಭೀಮಾ ನದಿಯ ದಂಡೆಯ ಕನಗನಹಳ್ಳಿ ಸ್ತೂಪವನ್ನು ಇಬ್ಬರೂ ನೋಡಿಬಂದಿದ್ದೆವು. ಅಲ್ಲಿ ಸಿಕ್ಕ ಕಲ್ಲಿನ ಮೇಲೆ ರಾಜ, ರಾಣಿ, ಪರಿವಾರದವರ ಚಿತ್ರವಿದೆ. ಅದು ಅಶೋಕನೆಂದು ಗೊತ್ತಾದದ್ದು ಬ್ರಾಹ್ಮಿ ಲಿಪಿಯಲ್ಲಿ ‘ರಾಯೋ ಅಸೋಕೋ’ ಎಂದು ಕೊರೆದಿದ್ದರಿಂದ. ಆ ಎರಡು ಪದ ಇಲ್ಲದಿದ್ದರೆ ಅವನು ಯಾರೋ ಒಬ್ಬ ರಾಜನಾಗಿ ಉಳಿಯುತ್ತಿದ್ದ. ಚಕ್ರವರ್ತಿಗೇ ಹೀಗಾದರೆ, ಊರವರು “ಏ, ಬಾ ಇಲ್ಲಿ” ಎಂದಷ್ಟೇ ಕರೆಯುತ್ತಿದ್ದ ನನ್ನ ಅವ್ವನ ಗತಿ ಏನು?

ಅವ್ವನ ಪೂರ್ತಿ ಹೆಸರು ಬರೆದೆ. ಅದರ ಕೆಳಗೆ: “ಈ ಶಾಲೆಯ ಕಸ ಗುಡಿಸಿದಳು. ಇದೇ ಶಾಲೆಯಲ್ಲಿ ಮಗಳನ್ನು ಓದಿಸಿದಳು.” ನನ್ನ ಕೈ ನಡುಗಿ ಒಂದು ಅಕ್ಷರ ಸೊಟ್ಟಗಾಯಿತು. ಹಾಗೇ ಬಿಟ್ಟೆವು.

ಮೊನ್ನೆ ಸ್ಟಾಫ್ ರೂಮಿನಲ್ಲಿ ಮತ್ತೆ ತಾಯಿಯ ಮಾತು ಬಂತು. ಗಂಟಲು ಕಟ್ಟಿತು. ಆದರೂ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆ ಮೌನದಲ್ಲಿ ನನಗೆ ಭಯವಾಗಲಿಲ್ಲ.

*ಇಂದಿನ ಅಭ್ಯಾಸ:* ನಿಮ್ಮ ಮನೆಯ ಒಂದು ಹಳೆಯ ಫೋಟೋ ತೆಗೆಯಿರಿ. ಅದರಲ್ಲಿರುವವರ ಪೂರ್ತಿ ಹೆಸರು, ಅವರು ಮಾಡಿದ ಕೆಲಸ ಹಿಂಬದಿಗೆ ಬರೆಯಿರಿ. ಒಬ್ಬರೇ ಕೂರಬೇಡಿ. ನಿಮ್ಮ ಕೈ ತಡೆಯಬಲ್ಲ ಗೆಳೆಯರೊಬ್ಬರನ್ನು ಜೊತೆಗೆ ಕೂರಿಸಿಕೊಳ್ಳಿ.

ಭವತು ಸಬ್ಬ ಮಂಗಲಂ 🙏
ಸಾಧು, ಸಾಧು, ಸಾಧು.